ವೈದ್ಯನ ಬಳಲಿಕೆ: ಪ್ಲೇಗಿನ ಕಾಲದಿಂದ ಕೊರೋನಾ ಕಾಲದವರೆಗೆ

ಕಳಲೆ ಎಂದೊಡನೆ ಮೈಸೂರಿನ ಚರಿತ್ರೆಯನ್ನು ಬಲ್ಲವರಿಗೆ ನೆನಪಾಗುವುದು ದಳವಾಯಿಗಳ ಮನೆತನ. ಒಡೆಯರ ಸಿಂಹಾಸನದ ಪಕ್ಕದಲ್ಲಿ ನಿಂತು ರಾಜ್ಯಭಾರವನ್ನೇ ಕೈಗೆ ತೆಗೆದುಕೊಂಡವರು, ಅರಮನೆಗೆ ಹೆಣ್ಣು ಕೊಟ್ಟು ಬಂಧುತ್ವ ಬೆಳೆಸಿದವರು, ಹೈದರಾಲಿಯನ್ನು ಸೈನ್ಯದಲ್ಲಿ ಮೇಲಕ್ಕೆತ್ತಿ ಕಡೆಗೆ ಅವನಿಂದಲೇ ಅಧಿಕಾರವನ್ನು ಕಳೆದುಕೊಂಡವರು. ನಂಜನಗೂಡಿನಿಂದ ಕೆಲವೇ ಮೈಲಿ ದೂರದ ಈ ಊರಿಗೆ ಇಂದು ಹೋದವರು ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಇದೇ ಮನೆತನದ ವೀರರಾಜನು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ‘ಸಕಲವೈದ್ಯಸಂಹಿತಾಸಾರಾರ್ಣವ’ ಎಂಬ ವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿದನೆಂಬುದು ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಮಾತ್ರ ಉಳಿದಿರುವ ಸಂಗತಿ. ಕತ್ತಿ ಹಿಡಿದ ಮನೆತನವೊಂದು ಔಷಧದ ವಿಷಯದಲ್ಲಿಯೂ ಗ್ರಂಥ ಬರೆಯಿತೆಂಬುದು ಗಮನಾರ್ಹ.

ವಸ್ತುತಃ ನಂಜನಗೂಡಿನ ಸೀಮೆಗೂ ವೈದ್ಯಕ್ಕೂ ಇರುವ ನಂಟು ಹಳೆಯದು. ವಿಷವುಂಡ ದೇವರು ಇಲ್ಲಿ ನಂಜುಂಡನಾಗಿ ನೆಲೆಸಿದ್ದಾನೆ. ಆನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾದುದರಿಂದ ಟಿಪ್ಪು ಸುಲ್ತಾನನು ಈ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯವಿದೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮೂರು ತಲೆಮಾರುಗಳ ಕನ್ನಡಿಗರ ಬಚ್ಚಲುಮನೆಯಲ್ಲಿತ್ತು. ಇತ್ತೀಚಿನ ದಶಕಗಳಲ್ಲಿ ಇದೇ ಪಟ್ಟಣದ ಕೈಗಾರಿಕಾ ಪ್ರದೇಶದಲ್ಲಿ ಆಧುನಿಕ ಔಷಧ ತಯಾರಿಸುವ ದೊಡ್ಡ ಕಾರ್ಖಾನೆಯೂ ತಲೆಯೆತ್ತಿತು. ಇಂತಹ ಸೀಮೆಯಲ್ಲಿಯೇ 2020ರ ಆಗಸ್ಟ್ ತಿಂಗಳಲ್ಲಿ ವೈದ್ಯನೊಬ್ಬನ ಮನಸ್ಸಿನ ಆರೋಗ್ಯವೆಂಬ ಪ್ರಶ್ನೆ ಇಡೀ ರಾಜ್ಯದ ಮುಂದೆ ಬಂದು ನಿಂತಿತು. ಆ ಪ್ರಕರಣವನ್ನು ಅರಿಯಲು ನೂರಿಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಿ ಬರುವುದು ಉಚಿತ.

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರ ಆಗಸ್ಟ್ ತಿಂಗಳಲ್ಲಿ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ವ್ಯಾಧಿಯು ಹುಬ್ಬಳ್ಳಿಯ ಮಾರ್ಗವಾಗಿ, ರೈಲಿನೊಡನೆಯೇ, ಬೆಂಗಳೂರನ್ನು ಮುಟ್ಟಿತು. ಮನೆಗಳನ್ನು ಬರಿದು ಮಾಡಿಸಿ ಹೆಂಚು ತೆಗೆಸುವುದು, ಸುಣ್ಣ ಬಳಿಸುವುದು, ಸೋಂಕಿನ ಶಂಕೆಯಿದ್ದವರನ್ನು ಊರ ಹೊರಗಿನ ಶಿಬಿರಗಳಿಗೆ ಸಾಗಿಸುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳು ತೊಡೆಸಂದುಗಳನ್ನು ಪರೀಕ್ಷಿಸುವುದು ಇವೆಲ್ಲ ಆಗಿನ ಕ್ರಮಗಳು. ಇವನ್ನು ಜಾರಿಗೆ ತರಲು ಹಿಂದಿನ ವರ್ಷವೇ, 1897ರ ಫೆಬ್ರವರಿಯಲ್ಲಿ, ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತ್ತು. ಅದು ಬಹಳ ಚಿಕ್ಕ ಕಾಯಿದೆ. ಅದರ ಕಡೆಯ ಕಲಮು, ಸದುದ್ದೇಶದಿಂದ ಕ್ರಮ ಕೈಗೊಂಡ ಅಧಿಕಾರಿಯ ಮೇಲೆ ದಾವೆ ಹೂಡಬಾರದೆಂದು ಹೇಳುತ್ತದೆ. ಸಾಂಕ್ರಾಮಿಕದಲ್ಲಿ ದುಡಿಯುವವರ ಬಗೆಗೆ ಕಾನೂನು ಅಂದು ಯೋಚಿಸಿದ್ದು ಇಷ್ಟೇ: ನ್ಯಾಯಾಲಯದ ಕಟಕಟೆಯಿಂದ ಅವನನ್ನು ಕಾಪಾಡಿದರೆ ಸಾಕು.

ಜನ ಈ ಕ್ರಮಗಳನ್ನು ಸಹಿಸಲಿಲ್ಲ. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ 1897ರ ಜೂನ್ ತಿಂಗಳಲ್ಲಿ ಗುಂಡಿಗೆ ಗುರಿಯಾದ. ನಮ್ಮಲ್ಲಿಯೇ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1898ರಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ಗುಂಪುಗೂಡಿ ಗಲಭೆಯೆದ್ದಿತು. ರೋಗಿಯನ್ನು ಹೊತ್ತೊಯ್ಯಲು ಬರುವ ಬಂಡಿಯನ್ನೂ ಅದರ ಹಿಂದೆ ಬರುವ ಡಾಕ್ಟರನ್ನೂ ಜನ ಒಂದೇ ಕಣ್ಣಿನಿಂದ ನೋಡಿದರು. ಅವರನ್ನು ಪೂರ್ತಿ ದೂಷಿಸುವಂತೆಯೂ ಇಲ್ಲ. ಮನೆಯ ಹೆಂಗಸರನ್ನು ಪರಪುರುಷರು ಮುಟ್ಟಿ ನೋಡುವುದು, ಹೆತ್ತವರ ಶವವನ್ನು ಯಾರೋ ಕೊಂಡೊಯ್ಯುವುದು ಆ ಕಾಲದ ಗೃಹಸ್ಥನಿಗೆ ರೋಗಕ್ಕಿಂತ ಘೋರವಾಗಿತ್ತು. ಆದರೆ ಆ ಬಂಡಿಯ ಹಿಂದೆ ನಡೆಯುತ್ತಿದ್ದ ಡಾಕ್ಟರನೂ ಅದೇ ಸಮಾಜದವನು, ಅವನ ಮನೆಯಲ್ಲೂ ಮಕ್ಕಳಿದ್ದರು, ಅವನ ಕಂಕುಳಲ್ಲೂ ಗಡ್ಡೆ ಏಳಬಹುದಿತ್ತು ಎಂಬುದನ್ನು ಯಾರೂ ನೆನೆಯಲಿಲ್ಲ.

ಅಂತಹವರಲ್ಲಿ ಒಬ್ಬರ ಹೆಸರು ಉಳಿದಿದೆ. ಡಾ. ಪದ್ಮನಾಭನ್ ಪಲ್ಪು 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವರು. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಊರಿಗೆ ಬಂದಾಗ, ಈಳವ ಜಾತಿಯವರೆಂಬ ಒಂದೇ ಕಾರಣಕ್ಕೆ ತಿರುವಾಂಕೂರು ಸರ್ಕಾರ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಸಿಡುಬಿನ ಲಸಿಕೆ ಸಿದ್ಧಪಡಿಸುವ ಕೆಲಸದಲ್ಲಿದ್ದ ಅವರನ್ನು 1898ರ ಹಾವಳಿಯಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರದ ಮೇಲ್ವಿಚಾರಣೆಗೆ ನೇಮಿಸಲಾಯಿತು. ಹೆಣಗಳ ನಡುವೆ, ಸೋಂಕಿನ ನಡುವೆ ಅವರು ದುಡಿದರು, ಬದುಕಿ ಉಳಿದರು, ಮುಂದೆ ವಿಲಾಯಿತಿಗೆ ಹೋಗಿ ಹೆಚ್ಚಿನ ವ್ಯಾಸಂಗ ಮಾಡಿದರು, 1903ರಲ್ಲಿ ಶ್ರೀನಾರಾಯಣ ಧರ್ಮಪರಿಪಾಲನ ಯೋಗಂ ಸ್ಥಾಪನೆಗೆ ಕಾರಣಪುರುಷರಾದರು. ಪಲ್ಪು ಅವರ ಹೆಸರು ಉಳಿದದ್ದು ಈ ಕಡೆಯ ಕಾರ್ಯದಿಂದ. ಶಿಬಿರದ ರಾತ್ರಿಗಳಿಂದಲೇ ಆಗಿದ್ದರೆ ಅವರೂ ಮರೆತುಹೋಗುತ್ತಿದ್ದರು. ಅವರ ಕೈಕೆಳಗೆ ದುಡಿದ ಸಹಾಯಕ ವೈದ್ಯರು, ಕಂಪೌಂಡರುಗಳು, ದಾದಿಯರು, ಜಾಡಮಾಲಿಗಳು ಏನಾದರು?

ಆ ಕಾಲದ ಪ್ಲೇಗ್ ವರದಿಗಳು ಕೋಷ್ಟಕಗಳಿಂದ ತುಂಬಿರುತ್ತವೆ. ಸೋಂಕಿತರೆಷ್ಟು, ಸತ್ತವರೆಷ್ಟು, ಚುಚ್ಚುಮದ್ದು ಹಾಕಿಸಿಕೊಂಡವರೆಷ್ಟು, ಶಿಬಿರದ ಗುಡಿಸಲುಗಳಿಗೆ ಆದ ವೆಚ್ಚವೆಷ್ಟು. ಲೆಕ್ಕ ಬರೆಯುವುದನ್ನು ಕಸುಬಾಗಿ ಬಲ್ಲವರಿಗೆ ಒಂದು ಮಾತು ಗೊತ್ತು: ಖಾತೆ ಪುಸ್ತಕದಲ್ಲಿ ಕಲಮು ಇಲ್ಲದ ಬಾಬ್ತು ಎಷ್ಟೇ ದೊಡ್ಡದಾದರೂ ಅಡಾವೆಯಲ್ಲಿ ಕಾಣಿಸುವುದಿಲ್ಲ. ಅಂಗಡಿ ನಷ್ಟದಲ್ಲಿದ್ದರೂ ಪುಸ್ತಕ ಲಾಭ ತೋರಿಸುತ್ತದೆ. ಪ್ಲೇಗಿನ ವೈದ್ಯನ ಮನಸ್ಸು ಅಂತಹ ಬಾಬ್ತು. ಅದಕ್ಕೆ ಕಲಮು ಇರಲಿಲ್ಲ. ಆದ್ದರಿಂದ ಅದಕ್ಕೆ ಚರಿತ್ರೆಯೂ ಇಲ್ಲ.

1918ರ ಇನ್‌ಫ್ಲುಯೆಂಜಾ ಬಂದಾಗಲೂ ಹೀಗೆಯೇ ಆಯಿತು. ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾದ ಜನ ಕೆಲವೇ ತಿಂಗಳಲ್ಲಿ ಸತ್ತರು. ಮಹಾಯುದ್ಧದ ನಿಮಿತ್ತ ಅನೇಕ ವೈದ್ಯರು ಸೈನ್ಯದೊಡನೆ ದೂರದೇಶಗಳಲ್ಲಿದ್ದರು. ಉಳಿದ ಕೆಲವರ ಮೇಲೆ ಎಲ್ಲ ಭಾರ ಬಿತ್ತು. ಅವರ ಬಗೆಗೂ ಕಾಗದಪತ್ರಗಳು ಹೆಚ್ಚೇನನ್ನೂ ಹೇಳುವುದಿಲ್ಲ.

ದುಡಿದು ಸೋತ ಮನಸ್ಸಿಗೆ ಪಶ್ಚಿಮದಲ್ಲಿಯೂ ಒಂದು ಹೆಸರು ದೊರೆತದ್ದು ತೀರ ಈಚೆಗೆ. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರನ್ನು ನೋಡಿ 1974ರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ಕರೆದರು. ಎಂದರೆ ಉರಿದು ಮುಗಿದುಹೋಗುವುದು. ಸೋಮಾರಿಗಳಿಗೆ ಈ ಸ್ಥಿತಿ ಬಾರದು, ಎಲ್ಲರಿಗಿಂತ ಶ್ರದ್ಧೆಯಿಂದ ದುಡಿದವರನ್ನೇ ಹಿಡಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಕ್ರಿಸ್ಟಿನಾ ಮಸ್ಲಾಕ್ ಎಂಬವರು 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ರಚಿಸಿ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವನೆಗಳು ಬತ್ತಿಹೋಗುವುದು, ಎದುರಿಗಿನ ಮನುಷ್ಯ ಮನುಷ್ಯನಾಗಿ ಕಾಣದಿರುವುದು, ತನ್ನ ದುಡಿಮೆ ವ್ಯರ್ಥವೆನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ಉದ್ಯೋಗದಿಂದ ಹುಟ್ಟುವ ವಿದ್ಯಮಾನವೆಂದು ವಿವರಿಸಿತು. ಇದು ಗಮನಿಸಬೇಕಾದ ಮಾತು. ದೋಷ ದುಡಿಯುವವನ ಸ್ವಭಾವದ್ದು ಎಂಬುದಕ್ಕಿಂತ ದುಡಿಮೆಯನ್ನು ಏರ್ಪಡಿಸಿದ ರೀತಿಯದು ಎಂಬ ಅಭಿಪ್ರಾಯ ಇದರಲ್ಲಿದೆ.

ಮರುವರ್ಷವೇ ಕೊರೋನಾ ಬಂತು. ದೇಶದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು ಕರ್ನಾಟಕದ್ದೇ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಚಿಕಿತ್ಸೆ ಮಾಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗುಲಿದುದು ಕೆಲವೇ ದಿನಗಳಲ್ಲಿ ತಿಳಿಯಿತು. ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ಬಾಗಿಲಿಗೆ ಬಂದು ವೈದ್ಯರಿಗಾಗಿ ಚಪ್ಪಾಳೆ ತಟ್ಟಿತು, ಜಾಗಟೆ ಬಾರಿಸಿತು. ಅದೇ ದಿನಗಳಲ್ಲಿ ಅನೇಕ ನಗರಗಳಲ್ಲಿ ಬಾಡಿಗೆ ಮನೆಯಲ್ಲಿದ್ದ ವೈದ್ಯರಿಗೂ ದಾದಿಯರಿಗೂ ಮನೆ ಖಾಲಿ ಮಾಡುವಂತೆ ಮನೆಯ ಮಾಲೀಕರು ಹೇಳಿದರು. ಚಪ್ಪಾಳೆ ತಟ್ಟಿದ ಕೈಯೂ ಬಾಗಿಲು ಹಾಕಿಕೊಂಡ ಕೈಯೂ ಬೇರೆ ಬೇರೆಯವರವೆಂದು ನಂಬುವುದು ಕಷ್ಟ. ಏಪ್ರಿಲ್ 19ರಂದು ಚೆನ್ನೈಯಲ್ಲಿ, ಕೊರೋನಾದಿಂದ ತೀರಿಕೊಂಡ ನರಶಸ್ತ್ರವೈದ್ಯ ಡಾ. ಸೈಮನ್ ಹರ್ಕ್ಯುಲೀಸ್ ಅವರ ಶವವನ್ನು ಹೂಳಲು ಕೊಡದೆ ಜನ ಕಲ್ಲು ದೊಣ್ಣೆಗಳಿಂದ ಎರಗಿದರು. ಜೊತೆಗಿದ್ದ ವೈದ್ಯಮಿತ್ರರೇ ರಾತ್ರಿಯಲ್ಲಿ ಗುಂಡಿ ಮುಚ್ಚಿ ಬರಬೇಕಾಯಿತು. ಇದಾದ ಮೂರು ದಿನಕ್ಕೆ, ಏಪ್ರಿಲ್ 22ರಂದು, 1897ರ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂತು. ಆರೋಗ್ಯ ಸೇವಕರ ಮೇಲೆ ಕೈಮಾಡಿದವರಿಗೆ ಮೂರು ತಿಂಗಳಿಂದ ಐದು ವರ್ಷ, ತೀವ್ರ ಗಾಯವಾದರೆ ಆರು ತಿಂಗಳಿಂದ ಏಳು ವರ್ಷ ಸೆರೆಮನೆ. ಮೊದಲು ದಾವೆಯಿಂದ ರಕ್ಷಣೆ ಕೊಟ್ಟಿದ್ದ ಕಾನೂನು ನೂರಿಪ್ಪತ್ತಮೂರು ವರ್ಷಗಳ ತರುವಾಯ ಕಲ್ಲಿನಿಂದ ರಕ್ಷಣೆ ಕೊಟ್ಟಿತು. ದಣಿವಿನಿಂದ ರಕ್ಷಣೆ ಕೊಡುವ ಕಲಮು ಆಗಲೂ ಬರಲಿಲ್ಲ.

ಇನ್ನು ನಂಜನಗೂಡಿನ ವಿಷಯ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಇಲ್ಲಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರನೊಬ್ಬನಲ್ಲಿ ಸೋಂಕು ಪತ್ತೆಯಾಯಿತು. ಒಬ್ಬನಿಂದ ಒಬ್ಬನಿಗೆ ಹರಡಿ, ಏಪ್ರಿಲ್ ಮುಗಿಯುವ ಹೊತ್ತಿಗೆ ಮೈಸೂರು ಜಿಲ್ಲೆಯ ಒಟ್ಟು ಪ್ರಕರಣಗಳಲ್ಲಿ ಬಹುಪಾಲು ಈ ಒಂದು ಮೂಲದಿಂದ ಬಂದವಾಗಿದ್ದವು. ಕಾರ್ಖಾನೆಯ ಸಾವಿರಕ್ಕೂ ಹೆಚ್ಚು ನೌಕರರನ್ನೂ ಅವರ ಮನೆಯವರನ್ನೂ ಹುಡುಕಿ, ಪ್ರತ್ಯೇಕವಾಗಿರಿಸಿ, ಗಂಟಲು ದ್ರವ ಪರೀಕ್ಷಿಸಬೇಕಾಯಿತು. ನಂಜನಗೂಡು ರಾಜ್ಯದ ಪತ್ರಿಕೆಗಳಲ್ಲಿ ದಿನವೂ ಕಾಣುವ ಹೆಸರಾಯಿತು. ಮೇ ತಿಂಗಳ ಮಧ್ಯದಲ್ಲಿ ಜಿಲ್ಲೆಯ ರೋಗಿಗಳೆಲ್ಲ ಗುಣಮುಖರಾಗಿ ಮನೆ ಸೇರಿದಾಗ ಅದನ್ನು ದೊಡ್ಡ ಸಾಧನೆಯೆಂದು ಎಲ್ಲರೂ ಕೊಂಡಾಡಿದರು. ಸಾಧನೆ ನಿಜವೇ. ಆದರೆ ಜುಲೈ ತಿಂಗಳಲ್ಲಿ ಸೋಂಕು ಮತ್ತೆ ಬಂತು, ಈ ಬಾರಿ ಎಲ್ಲ ಕಡೆಯಿಂದ.

ಈ ಅವಧಿಯಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯಾಗಿದ್ದವರು ಡಾ. ಎಸ್. ಆರ್. ನಾಗೇಂದ್ರ. ತಾಲ್ಲೂಕು ಆರೋಗ್ಯಾಧಿಕಾರಿಯ ಹುದ್ದೆ ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ್ದು. ಆತ ವೈದ್ಯ, ಆದರೆ ಆತನ ಬಹುಪಾಲು ವೇಳೆ ಕಳೆಯುವುದು ರೋಗಿಯ ಮಂಚದ ಪಕ್ಕದಲ್ಲಿ ಅಲ್ಲ. ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಅಲ್ಲಿನ ವೈದ್ಯರು, ಕಿರಿಯ ಆರೋಗ್ಯ ಸಹಾಯಕರು, ಆಶಾ ಕಾರ್ಯಕರ್ತೆಯರು ಎಲ್ಲರೂ ಆತನ ಉಸ್ತುವಾರಿಯಲ್ಲಿರುತ್ತಾರೆ. ಮೂರು ಲಕ್ಷಕ್ಕೂ ಮಿಗಿಲಾದ ಜನಸಂಖ್ಯೆಯ ತಾಲ್ಲೂಕಿನಲ್ಲಿ ಒಬ್ಬರಿಗೆ ಸೋಂಕು ತಗುಲಿದರೆ ಅವರ ಸಂಪರ್ಕಕ್ಕೆ ಬಂದವರ ಪಟ್ಟಿ, ಅವರನ್ನು ಇರಿಸುವ ಏರ್ಪಾಡು, ಬೀದಿಗೆ ತಡೆ ಹಾಕಿಸುವುದು, ಆಂಬುಲೆನ್ಸು, ಪರೀಕ್ಷೆಯ ಕಿಟ್ಟುಗಳ ದಾಸ್ತಾನು, ಸಂಜೆಯ ವರದಿ, ಆ ವರದಿಯ ಮೇಲಿನ ವಿಡಿಯೋ ಸಭೆ ಇವೆಲ್ಲ ಒಂದೇ ಮೇಜಿಗೆ ಬರುತ್ತವೆ. ಮೇಲಿನವರು ಕೇಳುವುದು ಅಂಕಿ. ಕೆಳಗಿನವರು ಕೇಳುವುದು ಆಳು ಮತ್ತು ಸಾಮಗ್ರಿ. ನಡುವೆ ನಿಂತವನ ಬಳಿ ಎರಡೂ ಇರುವುದಿಲ್ಲ.

2020ರ ಜುಲೈ ತಿಂಗಳಿಂದ ಶೀಘ್ರ ಪ್ರತಿಜನಕ ಪರೀಕ್ಷೆ, ಎಂದರೆ ರ್‍ಯಾಪಿಡ್ ಆಂಟಿಜೆನ್ ಟೆಸ್ಟ್, ಬಳಕೆಗೆ ಬಂದಿತು. ಅರ್ಧ ಗಂಟೆಯೊಳಗೆ ಫಲಿತಾಂಶ ತಿಳಿಯುವುದರಿಂದ ಇದು ಉಪಯುಕ್ತವೇ. ಪರೀಕ್ಷೆ ಹೆಚ್ಚಾದಷ್ಟೂ ರೋಗ ಬೇಗ ಸಿಕ್ಕುತ್ತದೆ, ಸಾವು ತಗ್ಗುತ್ತದೆ ಎಂಬುದು ವೈದ್ಯಶಾಸ್ತ್ರವೂ ಒಪ್ಪುವ ಮಾತು. ಆದ್ದರಿಂದ ಜಿಲ್ಲೆಗೆ ಇಷ್ಟು, ತಾಲ್ಲೂಕಿಗೆ ಇಷ್ಟು ಎಂದು ದಿನದ ಗುರಿ ನಿಗದಿಯಾಯಿತು. ಗುರಿ ನಿಗದಿ ಮಾಡುವುದು ತಪ್ಪೆನ್ನಲಾಗದು. ವ್ಯಾಪಾರದಲ್ಲಿಯೂ ಗುರಿಯಿಲ್ಲದೆ ನಡೆಯದು. ಆದರೆ ಗುಮಾಸ್ತನ ಕೈಯಲ್ಲಿ ಸರಕು ಕೊಡದೆ ಮಾರಾಟದ ಗುರಿಯನ್ನು ಮಾತ್ರ ಕೊಡುವ ಮಾಲೀಕನನ್ನು ಪೇಟೆಯಲ್ಲಿ ಯಾರೂ ಜಾಣನೆನ್ನುವುದಿಲ್ಲ.

2020ರ ಆಗಸ್ಟ್ 20, ಗುರುವಾರ, ಗೌರಿ ಹಬ್ಬದ ಹಿಂದಿನ ದಿನ, ಡಾ. ನಾಗೇಂದ್ರ ಅವರು ಮೈಸೂರಿನ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ವಯಸ್ಸು ನಲವತ್ತರ ಆಸುಪಾಸು. ತಿಂಗಳುಗಟ್ಟಲೆ ರಜೆಯಿಲ್ಲದೆ ದುಡಿದಿದ್ದರೆಂದೂ, ಪರೀಕ್ಷೆಯ ಗುರಿ ಮುಟ್ಟಲಿಲ್ಲವೆಂದು ಮೇಲಧಿಕಾರಿಗಳಿಂದ ತೀವ್ರ ಒತ್ತಡವಿತ್ತೆಂದೂ ಮನೆಯವರೂ ಸಹೋದ್ಯೋಗಿ ವೈದ್ಯರೂ ಆರೋಪಿಸಿದರು. ಮೈಸೂರಿನಲ್ಲಿ ಸರ್ಕಾರಿ ವೈದ್ಯರು ಕೆಲಸ ಬಿಟ್ಟು ಬೀದಿಗಿಳಿದರು. ಸರ್ಕಾರ ವಿಚಾರಣೆಗೆ ಆದೇಶಿಸಿತು. ಕುಟುಂಬಕ್ಕೆ ಪರಿಹಾರವನ್ನೂ ಒಬ್ಬರಿಗೆ ಸರ್ಕಾರಿ ಉದ್ಯೋಗವನ್ನೂ ಘೋಷಿಸಿತು.

ಒಂದು ಜೀವ ಹೀಗೆ ಮುಗಿಯುವುದಕ್ಕೆ ಒಂದೇ ಕಾರಣವಿರುವುದಿಲ್ಲವೆಂದು ಮನೋವೈದ್ಯರು ಹೇಳುತ್ತಾರೆ. ಹೊರಗಿನ ಒತ್ತಡ, ಒಳಗಿನ ಕಾಯಿಲೆ, ನಿದ್ರೆಯ ಕೊರತೆ, ಯಾರಲ್ಲಿಯೂ ಹೇಳಿಕೊಳ್ಳಲಾಗದ ಸಂಕೋಚ ಇವೆಲ್ಲ ಹೆಣೆದುಕೊಂಡಿರುತ್ತವೆ. ಒಬ್ಬ ಅಧಿಕಾರಿಯ ಹೆಸರನ್ನು ಹೇಳಿ ಕೈತೊಳೆದುಕೊಳ್ಳುವುದು ಆದ್ದರಿಂದಲೇ ಸರಿಯಲ್ಲ. ಆ ಅಧಿಕಾರಿಯ ಮೇಲೂ ಒಬ್ಬ ಅಧಿಕಾರಿ, ಅವನ ಮೇಲೆ ಮತ್ತೊಬ್ಬ, ಎಲ್ಲರ ಮೇಲೆ ದಿನ ಸಂಜೆ ದೂರದರ್ಶನದ ಮುಂದೆ ಕುಳಿತು ‘ಇಂದು ಎಷ್ಟು?’ ಎಂದು ಕೇಳುತ್ತಿದ್ದ ಸಮಸ್ತ ಜನ. ಹಿಂಸೆಯನ್ನು ನಮ್ಮ ಆಚಾರ್ಯರು ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ವಿಂಗಡಿಸಿದ್ದಾರೆ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದಾಗ ಸುಮ್ಮನೆ ಒಪ್ಪಿದ್ದು. ಮನುಷ್ಯನ ಶಕ್ತಿಗೆ ಮೀರಿ ದುಡಿಸಿಕೊಳ್ಳುವ ಏರ್ಪಾಡಿನಲ್ಲಿ ಮೂರನೆಯ ಬಗೆಯ ಪಾಲುದಾರರೇ ಹೆಚ್ಚು.

ಇದಕ್ಕಿಂತ ನಾಲ್ಕು ತಿಂಗಳ ಹಿಂದೆ, 2020ರ ಏಪ್ರಿಲ್ 26ರಂದು, ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ ಡಾ. ಲೋರ್ನಾ ಬ್ರೀನ್ ಇದೇ ರೀತಿ ತೀರಿಕೊಂಡಿದ್ದರು. ಅವರಿಗೂ ಕೊರೋನಾ ತಗುಲಿ, ವಾಸಿಯಾಗಿ, ಮತ್ತೆ ಕೆಲಸಕ್ಕೆ ಹಾಜರಾಗಿದ್ದರು. ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ವೈದ್ಯವೃತ್ತಿಯ ಪರವಾನಗಿಗೇ ಕುತ್ತು ಬರಬಹುದೆಂಬ ಭಯ ಅಲ್ಲಿನ ವೈದ್ಯರಲ್ಲಿದೆಯೆಂದು ಅವರ ಮನೆಯವರು ಜಗತ್ತಿಗೆ ಹೇಳಿದರು. ಅವರ ಪ್ರಯತ್ನದ ಫಲವಾಗಿ, ಆರೋಗ್ಯ ಸೇವಕರ ಮಾನಸಿಕ ಸ್ವಾಸ್ಥ್ಯಕ್ಕಾಗಿ ಹಣ ಒದಗಿಸುವ ಒಂದು ಕಾನೂನು ಡಾ. ಬ್ರೀನ್ ಅವರ ಹೆಸರಿನಲ್ಲಿಯೇ 2022ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು. ಅಷ್ಟು ದೊಡ್ಡ ನಗರದ ದೊಡ್ಡ ಆಸ್ಪತ್ರೆಯೆಲ್ಲಿ, ನಂಜನಗೂಡಿನ ತಾಲ್ಲೂಕು ಕಛೇರಿಯೆಲ್ಲಿ! ಆದರೂ ಇಬ್ಬರಿಗೂ ಒಂದು ಸಮಾನ ಸಂಗತಿ ಇತ್ತು: ಪರರ ಕಷ್ಟವನ್ನು ಕೇಳಲು ನೇಮಕಗೊಂಡವನು ತನ್ನ ಕಷ್ಟವನ್ನು ಯಾರ ಮುಂದೆ ಹೇಳಬೇಕೆಂಬುದಕ್ಕೆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ.

ಪ್ರಾಚೀನರು ಇದನ್ನು ಯೋಚಿಸಿರಲಿಲ್ಲವೆ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯನ ವೃತ್ತಿ ನಾಲ್ಕು ಬಗೆಯೆಂದು ಹೇಳಿದೆ: ಎಲ್ಲರಲ್ಲಿ ಮೈತ್ರಿ, ರೋಗಿಯಲ್ಲಿ ಕಾರುಣ್ಯ, ವಾಸಿಯಾಗುವವನ ವಿಷಯದಲ್ಲಿ ಪ್ರೀತಿ, ಸಾವು ಸಮೀಪಿಸಿದವನ ವಿಷಯದಲ್ಲಿ ಉಪೇಕ್ಷೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಬಲ್ಲ ಶ್ರಾವಕರಿಗೆ ಇದು ಪರಿಚಿತವಾಗಿಯೇ ಕಾಣುತ್ತದೆ. ಇಲ್ಲಿ ಉಪೇಕ್ಷೆಯೆಂದರೆ ಅಲಕ್ಷ್ಯವಲ್ಲ. ಮಾಡಬೇಕಾದುದೆಲ್ಲವನ್ನೂ ಮಾಡಿದ ಮೇಲೆ ಮನಸ್ಸನ್ನು ಫಲದಿಂದ ಬಿಡಿಸಿಕೊಳ್ಳುವ ಸಮಚಿತ್ತ. ದಿನವೂ ಸಾವನ್ನು ನೋಡುವವನ ಮನಸ್ಸು ಒಡೆಯದಿರಲಿ ಎಂದೇ ಪ್ರಾಚೀನರು ಈ ನಾಲ್ಕನೆಯದನ್ನು ಸೇರಿಸಿರಬೇಕು.

ಆದರೆ ಈ ಸಮಚಿತ್ತಕ್ಕೆ ಒಂದು ಷರತ್ತಿದೆ. ಮಾಡಬೇಕಾದುದನ್ನು ಮಾಡಲು ಸಾಧ್ಯವಿದ್ದಿರಬೇಕು. 2021ರ ಮೇ 2 ಮತ್ತು 3ರ ನಡುವಣ ರಾತ್ರಿ ನಂಜನಗೂಡಿನ ಆಚೆಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಮೈಸೂರಿನಿಂದ ಸಿಲಿಂಡರುಗಳು ಬರಬೇಕಿತ್ತು. ಇಪ್ಪತ್ತನಾಲ್ಕು ಗಂಟೆಗಳ ಅವಧಿಯಲ್ಲಿ 24 ರೋಗಿಗಳು ಸತ್ತರೆಂದು ಆಗ ಪ್ರಕಟವಾಯಿತು. ಎಷ್ಟು ಸಾವು ಆಮ್ಲಜನಕದ ಕೊರತೆಯಿಂದ ಆದವು ಎಂಬ ವಿವಾದ ಉಚ್ಚ ನ್ಯಾಯಾಲಯದವರೆಗೆ ಹೋಗಿ, ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ವಿಚಾರಣೆ ನಡೆಸಿತು. ಸತ್ತವರ ಮನೆಯವರ ದುಃಖಕ್ಕೆ ಸಮನಾದುದಿಲ್ಲ. ಅದನ್ನು ಹೇಳಿದ ಮೇಲೆ, ಆ ರಾತ್ರಿ ವಾರ್ಡಿನಲ್ಲಿದ್ದ ಕಿರಿಯ ವೈದ್ಯರನ್ನೂ ದಾದಿಯರನ್ನೂ ನೆನೆಯಬೇಕು. ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಮಾಡಲು ಬೇಕಾದ ವಸ್ತು ಇರಲಿಲ್ಲ. ಯಾವ ಮಾಧ್ಯಸ್ಥ್ಯಭಾವನೆ ಅಂತಹ ರಾತ್ರಿಯನ್ನು ದಾಟಿಸೀತು? ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಮಾಡಿದ ಜೊನಾಥನ್ ಶೇ ಎಂಬ ಮನೋವೈದ್ಯರು ಇಂತಹ ನೋವನ್ನು ನೈತಿಕ ಗಾಯವೆಂದು ಕರೆದಿದ್ದಾರೆ. ಭಯದಿಂದ ಆಗುವ ಗಾಯ ಬೇರೆ. ಸರಿಯೆಂದು ತಿಳಿದದ್ದನ್ನು ಮಾಡಲಾಗದೆ ಹೋದಾಗ ಆಗುವ ಗಾಯ ಬೇರೆ. ಎರಡನೆಯದು ಆತ್ಮಸಾಕ್ಷಿಯುಳ್ಳವರಿಗೆ ಮಾತ್ರ ಆಗುತ್ತದೆ.

ಚಾಮರಾಜನಗರ ತಾಲ್ಲೂಕಿನಲ್ಲಿಯೇ ಮಲೆಯೂರಿನ ಕನಕಗಿರಿ ಇದೆ. ಆಚಾರ್ಯ ಪೂಜ್ಯಪಾದರು ತಪಸ್ಸು ಮಾಡಿದ ಸ್ಥಳವೆಂದು ಪರಂಪರೆ ಅದನ್ನು ನೆನೆಯುತ್ತದೆ. ವೈದ್ಯದಲ್ಲಿಯೂ ಅವರದು ದೊಡ್ಡ ಹೆಸರು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ಬರೆದವರೂ ಅವರೇ. ಆ ಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯ, ಎಂದರೆ ಸೇವೆಯೆಂಬ ಅಂತರಂಗ ತಪಸ್ಸನ್ನು ವಿವರಿಸುವಾಗ, ಸೇವೆಗೆ ಅರ್ಹರಾದ ಹತ್ತು ಬಗೆಯವರ ಪಟ್ಟಿ ಬರುತ್ತದೆ. ಆಚಾರ್ಯ, ಉಪಾಧ್ಯಾಯ, ತಪಸ್ವಿ ಮೊದಲಾದವರ ಸಾಲಿನಲ್ಲಿ ‘ಗ್ಲಾನ’ನೂ ಇದ್ದಾನೆ. ರೋಗಾದಿಗಳಿಂದ ನೊಂದ ಶರೀರವುಳ್ಳವನು ಎಂದು ಟೀಕಾಕಾರರು ಅರ್ಥ ಹೇಳುತ್ತಾರೆ. ಆದರೆ ಪದದ ಮೂಲವನ್ನು ನೋಡಿದರೆ ಗ್ಲಾನನೆಂದರೆ ಬಳಲಿದವನು, ಬಾಡಿದವನು; ಕನ್ನಡದ ಗ್ಲಾನಿ ಎಂಬ ಮಾತಿನಲ್ಲಿ ಈ ಅರ್ಥ ಇಂದಿಗೂ ಇದೆ. ಬಳಲಿಕೆಗೂ ರೋಗಕ್ಕೂ ಒಂದೇ ಶಬ್ದ. ಸೂತ್ರವು ಹೇಳುವುದು ಮುನಿಸಂಘದ ವಿಷಯವಾದರೂ, ಬಳಲಿದವನು ಸೇವೆ ಮಾಡಬೇಕಾದವನಲ್ಲ, ಸೇವೆ ಪಡೆಯಬೇಕಾದವನು ಎಂಬ ವಿವೇಕ ಅದರಲ್ಲಿ ಅಡಗಿದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಬಗೆದು ಆಸ್ಪತ್ರೆಗಳಿಗೆ ಮಂಚ, ಹಾಸಿಗೆ, ಯಂತ್ರಗಳನ್ನು ಕೊಡುವ ಸಂಪ್ರದಾಯ ಸಮಾಜದಲ್ಲಿ ಹಿಂದಿನಿಂದ ಬಂದಿದೆ. ದಾನಿಯ ಹೆಸರಿನ ಫಲಕವೂ ಗೋಡೆಯ ಮೇಲೆ ಬರುತ್ತದೆ. ರಾತ್ರಿಪಾಳಿಯ ವೈದ್ಯರು ಒಂದು ಗಂಟೆ ಮಲಗಲು ಕೋಣೆಯೊಂದನ್ನು, ಅವರಿಗೆ ಬಿಸಿ ಊಟವನ್ನು, ಎರಡು ಹೆಚ್ಚುವರಿ ದಾದಿಯರ ಸಂಬಳವನ್ನು ದಾನವಾಗಿ ಕೊಟ್ಟವರ ಫಲಕ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಕಾನೂನಿನಲ್ಲಿ ಒಂದು ಬದಲಾವಣೆ ಆಗಿಯೇ ಇದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದೂ, ಅಂತಹವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ. ಹಿಂದೆ ಅಂತಹವನನ್ನು ಅಪರಾಧಿಯೆಂದು ಠಾಣೆಗೆ ಒಯ್ಯುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2020ರಲ್ಲಿ ಕೊರೋನಾ ಕಾಲದ ಮಾನಸಿಕ ಆರೋಗ್ಯದ ಬಗೆಗೆ ಮಾರ್ಗದರ್ಶಿಯನ್ನು ಹೊರತಂದು, ದೂರವಾಣಿಯಲ್ಲಿ ಸಮಾಲೋಚನೆಯನ್ನೂ ಏರ್ಪಡಿಸಿತು. ಈ ಅನುಭವದ ನಂತರ, 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸಹಾಯವಾಣಿ ಆರಂಭವಾಯಿತು. ಅದರ ಪ್ರಧಾನ ಕೇಂದ್ರವೂ ನಿಮ್ಹಾನ್ಸ್. 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ, ಹಣವಿಲ್ಲದೆ ಮಾತನಾಡಬಹುದು. ಕರೆ ಮಾಡುವವನು ಕೂಲಿಯವನೋ ವೈದ್ಯನೋ ಎಂದು ಅಲ್ಲಿ ಯಾರೂ ವಿಂಗಡಿಸುವುದಿಲ್ಲ.

ಕೊರೋನಾದ ಮೊದಲ ಅಲೆಯಲ್ಲಿ ದೇಶದ 700ಕ್ಕೂ ಹೆಚ್ಚು ವೈದ್ಯರು ರೋಗದಿಂದ ಸತ್ತರೆಂದು ಭಾರತೀಯ ವೈದ್ಯಕೀಯ ಸಂಘ ಲೆಕ್ಕವಿಟ್ಟಿದೆ. ಎರಡನೆಯ ಅಲೆಯ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. 1898ರ ವೈದ್ಯರಿಗೆ ಇಷ್ಟು ಲೆಕ್ಕವೂ ಇರಲಿಲ್ಲ. ಡಾ. ನಾಗೇಂದ್ರ ಅವರ ಹೆಸರು ಈ ಪಟ್ಟಿಗೆ ಸೇರುವುದಿಲ್ಲ, ಅವರು ತೀರಿಕೊಂಡದ್ದು ಸೋಂಕಿನಿಂದಲ್ಲವಾದ್ದರಿಂದ. ಅವರಿಗೆ ಯಾವ ಕಲಮು ಎಂಬುದನ್ನು ಇನ್ನೂ ಯಾರೂ ಬರೆದಿಲ್ಲ.